ನೀಲಿ ಫಲಕ, ಪೋಸ್ಟ್ ಬಾಕ್ಸ್ ಮತ್ತು ಸಂಘದ ವೆಬ್‌ಸೈಟು



"ಕಂಪ್ಯೂಟರ್ ಬಗ್ಗೆ ನಾಲ್ಕು ಸಾಲು ಬರೆದುಕೊಡಿ" ಎಂದು ಸಂಪಾದಕರು ಕೇಳಿ ಎರಡು ತಿಂಗಳಾಯಿತು. ನಾನು ವೃತ್ತಿಯಲ್ಲಿ ಸಿವಿಲ್ ಇಂಜಿನಿಯರ್. ಸಿಮೆಂಟು, ಕಬ್ಬಿಣ, ಮರಳಿನ ಲೆಕ್ಕ ಬಿಟ್ಟರೆ ಬೇರೆ ವಿದ್ಯೆ ಹೆಚ್ಚು ಗೊತ್ತಿಲ್ಲ. ಆದರೂ ಒಂದು ವಿಷಯವನ್ನು ಕೈ ಸುಟ್ಟುಕೊಂಡು ಕಲಿತಿದ್ದೇನೆ. ಅದನ್ನೇ ಬರೆಯುತ್ತೇನೆ. ಗಲ್ಫಿನಲ್ಲಿ ಊರಿನ ಸಂಘ, ಕ್ರಿಕೆಟ್ ತಂಡ, ಯಕ್ಷಗಾನ ಬಳಗ ಅಂತ ಏನಾದರೊಂದು ನಡೆಸುವವರಿಗೆ ಇದು ಉಪಯೋಗಕ್ಕೆ ಬರಬಹುದು.

2018ರ ಸೆಪ್ಟೆಂಬರ್ ತಿಂಗಳು. ಬೇಸಿಗೆ ರಜೆ ಮುಗಿಸಿ ಎಲ್ಲರೂ ಆಗಷ್ಟೇ ಊರಿನಿಂದ ದೋಹಾಕ್ಕೆ ಮರಳಿದ್ದೆವು. ನಾನು ಆಗ ಒಂದು ಚಿಕ್ಕ ಊರ ಸಂಘದ ಜತೆ ಕಾರ್ಯದರ್ಶಿ. ರಾಜ್ಯೋತ್ಸವದ ತಯಾರಿಗೆ ಗುರುವಾರ ರಾತ್ರಿ ಸಭೆ ಸೇರಿದ್ದೆವು. ಅಷ್ಟರಲ್ಲಿ ಒಬ್ಬರು ಮೊಬೈಲ್ ನೋಡುತ್ತಾ, "ಎಂತ ಮಾರಾಯ್ರೇ, ನಮ್ಮ ಸೈಟು ತೆರೆಯುವುದೇ ಇಲ್ಲ ಅಲ್ಲ?" ಎಂದರು. ಇನ್ನೊಬ್ಬರು ಹೇಳಿದರು, "ಆಗಸ್ಟಲ್ಲಿ ನಾನು ನೋಡಿದಾಗ ಯಾವುದೋ ಜಾಹೀರಾತು ಬರ್ತಿತ್ತು, ನೆಟ್ ಸರಿ ಇಲ್ಲ ಅಂದ್ಕೊಂಡೆ." ಹತ್ತು ವರ್ಷದ ಫೋಟೋಗಳು, ಮಕ್ಕಳ ಕನ್ನಡ ತರಗತಿಯ ಪಾಠಗಳು, ರಕ್ತದಾನಿಗಳ ಪಟ್ಟಿ, ಎಲ್ಲಾ ಅದರಲ್ಲಿದ್ದವು. ಸಂಘದ ಈ-ಮೇಲ್ ಕೂಡ ಅದೇ ಹೆಸರಿನಲ್ಲಿತ್ತು. ಅದೂ ಸತ್ತಿತ್ತು.

ಏನಾಗಿತ್ತು ಎಂದು ಹೇಳುವ ಮೊದಲು ಇಲ್ಲಿಯ ವಿಳಾಸಗಳ ವಿಷಯ ಸ್ವಲ್ಪ ನೆನಪಿಸಿಕೊಳ್ಳೋಣ.

ಹಳಬರಿಗೆ ಗೊತ್ತು, ದೋಹಾದಲ್ಲಿ ಮನೆಗೆ ಯಾರನ್ನಾದರೂ ಊಟಕ್ಕೆ ಕರೆದರೆ ವಿಳಾಸ ಹೇಳುವುದೇ ಒಂದು ಪುರಾಣ. ಟಿವಿ ರೌಂಡ್‌ಅಬೌಟ್ ದಾಟಿ ಎರಡನೇ ಬಲ, ಮಸೀದಿಯ ಹಿಂದೆ, ಬಕಾಲಾ ಎದುರು, ಬಿಳಿ ಗೇಟು. ಎಲ್ಲ ಗೇಟೂ ಬಿಳಿ! ಆಮೇಲೆ ಪ್ರತಿ ಕಟ್ಟಡಕ್ಕೂ ನೀಲಿ ಫಲಕ ಬಂತು. ವಲಯ, ಬೀದಿ, ಕಟ್ಟಡ ಎಂದು ಮೂರು ಸಂಖ್ಯೆ. ಆ ಮೂರನ್ನು ಹೇಳಿದರೆ ಆಂಬುಲೆನ್ಸ್ ಕೂಡ ದಾರಿ ತಪ್ಪುವುದಿಲ್ಲ. 2017ರ 24ನೇ ಕಾನೂನಿನಂತೆ ನಾವೆಲ್ಲರೂ 2020ರಲ್ಲಿ ರಾಷ್ಟ್ರೀಯ ವಿಳಾಸ ನೋಂದಾಯಿಸಿದ್ದೂ ಇದೇ ಮೂರು ಸಂಖ್ಯೆಯಿಂದ. ಆದರೆ ನಿಮ್ಮ ಗೆಳೆಯರ ಮನೆಯ ಆ ಮೂರು ಸಂಖ್ಯೆ ನಿಮಗೆ ಬಾಯಿಪಾಠ ಬರುತ್ತದೆಯೇ? ಇಲ್ಲ. ನೆನಪಿರುವುದು ಹೆಸರು ಮಾತ್ರ. ಸಂಖ್ಯೆಯನ್ನು ಎಲ್ಲೋ ಬರೆದಿಟ್ಟುಕೊಂಡಿರುತ್ತೇವೆ.

ಅಂತರ್ಜಾಲದಲ್ಲೂ ಹೀಗೆಯೇ. ಪ್ರತಿ ಕಂಪ್ಯೂಟರಿಗೂ ಒಂದು ನೀಲಿ ಫಲಕ, ಅಂದರೆ ಐಪಿ ಸಂಖ್ಯೆ ಇರುತ್ತದೆ. ನೋಡಲು 192.0.2.25 ಎಂಬಂತೆ ಇರುತ್ತದೆ. ನಾವು ಟೈಪ್ ಮಾಡುವುದು ಹೆಸರನ್ನು. ಹೆಸರಿಗೆ ಸಂಖ್ಯೆ ಹುಡುಕಿಕೊಡುವ ಏರ್ಪಾಡಿಗೆ ಡಿಎನ್‌ಎಸ್ ಎನ್ನುತ್ತಾರೆ.

ಮೊದಮೊದಲು ಇದಕ್ಕೆ ಒಂದೇ ಒಂದು ಪಟ್ಟಿ ಇತ್ತಂತೆ. ಅಮೆರಿಕದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಎಲಿಜಬೆತ್ ಫೀನ್ಲರ್ ಎಂಬ ಮಹಿಳೆಯ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಹೊಸ ಕಂಪ್ಯೂಟರ್ ಸೇರಿಸಬೇಕಾದರೆ ಅವರಿಗೆ ತಿಳಿಸಬೇಕು, ಉಳಿದವರೆಲ್ಲ ಆ ಪಟ್ಟಿಯನ್ನು ಇಳಿಸಿಕೊಳ್ಳಬೇಕು. ನಮ್ಮ ಹಳ್ಳಿಯ ಪೋಸ್ಟ್‌ಮ್ಯಾನ್ ಇದ್ದ ಹಾಗೆ. ನೂರು ಮನೆ ಇರುವ ತನಕ ಸರಿ, ಪೇಟೆ ಬೆಳೆದರೆ ಒಬ್ಬನಿಂದ ಆಗುವುದಿಲ್ಲ. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬವರು ಈ ಕೆಲಸವನ್ನು ಹಂಚಿಬಿಡುವ ವಿಧಾನ ರೂಪಿಸಿದರು. ಅವರವರ ಹೆಸರಿನ ಪಟ್ಟಿ ಅವರವರೇ ಇಟ್ಟುಕೊಳ್ಳಲಿ, ಯಾರ ಪಟ್ಟಿ ಎಲ್ಲಿದೆ ಎಂಬುದನ್ನು ಮಾತ್ರ ಮೇಲಿನವರು ಹೇಳಲಿ ಎಂಬುದು ಅದರ ತಿರುಳು. ಇವತ್ತಿಗೂ ಅದೇ ನಡೆಯುತ್ತಿದೆ.

ನೀವು ದೋಹಾದಲ್ಲಿ ಕುಳಿತು "ನಮ್ಮಸಂಘ ಡಾಟ್ ಆರ್ಗ್" ಎಂದು ಟೈಪ್ ಮಾಡಿದಿರಿ ಎನ್ನಿ. (ಇದು ಉದಾಹರಣೆಗೆ ಇಟ್ಟ ಹೆಸರು. ಆ ಹೆಸರಿನಲ್ಲಿ ನಿಜವಾಗಿ ಯಾರಾದರೂ ಇದ್ದರೆ ಕ್ಷಮಿಸಲಿ.) ನಿಮ್ಮ ಮೊಬೈಲು ಊರೆಡೂ ಅಥವಾ ವೊಡಾಫೋನ್ ಕಂಪನಿಯ ಒಂದು ಕಂಪ್ಯೂಟರನ್ನು ಕೇಳುತ್ತದೆ. ಅದಕ್ಕೆ ಗೊತ್ತಿಲ್ಲದಿದ್ದರೆ ಎಲ್ಲಕ್ಕೂ ಮೇಲಿರುವ ಮೂಲ ಸರ್ವರುಗಳನ್ನು ಕೇಳುತ್ತದೆ. ಇವಕ್ಕೆ ಎ ಇಂದ ಎಂ ತನಕ ಹದಿಮೂರು ಹೆಸರು. ಅವು "ಡಾಟ್ ಆರ್ಗ್ ನೋಡಿಕೊಳ್ಳುವವರು ಇವರು, ಅಲ್ಲಿ ಕೇಳು" ಎನ್ನುತ್ತವೆ. ಡಾಟ್ ಆರ್ಗ್‌ನವರು "ನಮ್ಮಸಂಘದ ಪಟ್ಟಿ ಇರುವುದು ಇಂಥ ಸರ್ವರಿನಲ್ಲಿ" ಎನ್ನುತ್ತಾರೆ. ಆ ಸರ್ವರು ಕೊನೆಗೆ ಸಂಖ್ಯೆ ಕೊಡುತ್ತದೆ. ಇಷ್ಟೂ ಆಗುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಕತಾರಿನ ಸ್ವಂತ ಹೆಸರಾದ ಡಾಟ್ ಕ್ಯುಎ ಕೂಡ ಇದೇ ಮರದ ಒಂದು ಕೊಂಬೆ. 2011ರಿಂದ ಅದನ್ನು ಕತಾರ್ ಡೊಮೇನ್ಸ್ ರಿಜಿಸ್ಟ್ರಿ ನೋಡಿಕೊಳ್ಳುತ್ತಿದೆ, ಅರಬಿ ಲಿಪಿಯಲ್ಲಿ "ಕತರ್" ಎಂದು ಬರೆಯುವ ಕೊಂಬೆಯೂ ಇದೆ. ನಮ್ಮ ಕನ್ನಡ ಲಿಪಿಯ ".ಭಾರತ" ಸಹ ಇದೆ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ!

ಈ ಸರಪಳಿಯ ಒಂದು ಕೊಂಡಿ ಕಳಚಿದರೆ ಏನಾಗುತ್ತದೆಂದು 2021ರ ಅಕ್ಟೋಬರ್ 4ರ ಸೋಮವಾರ ಸಂಜೆ ನಾವೆಲ್ಲ ನೋಡಿದ್ದೇವೆ. ವಾಟ್ಸಾಪ್ ಸುಮಾರು ಆರು ಗಂಟೆ ಕಾಲ ಸ್ತಬ್ಧವಾಯಿತಲ್ಲ, ಊರಿನಿಂದ ಅಮ್ಮನ ಮೆಸೇಜು ಬಂದಿಲ್ಲವೆಂದು ಹೆದರಿದವರು ಎಷ್ಟು ಮಂದಿ! ಆ ದಿನ ಫೇಸ್‌ಬುಕ್ ಕಂಪನಿಯವರು ತಮ್ಮ ಜಾಲದಲ್ಲಿ ಮಾಡಿಕೊಂಡ ಒಂದು ತಪ್ಪಿನಿಂದ ಅವರ ಹೆಸರಿನ ಪಟ್ಟಿ ಇಟ್ಟ ಸರ್ವರುಗಳಿಗೆ ಹೊರಗಿನಿಂದ ದಾರಿಯೇ ಇಲ್ಲದಂತಾಗಿತ್ತು. ಕೇಳಿದರೆ ಉತ್ತರ ಹೇಳುವವರೇ ಇಲ್ಲ.

ನಮ್ಮ ಸಂಘದ ಕಥೆ ಇದಕ್ಕಿಂತ ಸಣ್ಣದು, ಆದರೆ ನಮಗೆ ದೊಡ್ಡದು. ಹೆಸರನ್ನು ನಾವು ಕೊಂಡಿದ್ದೇವೆ ಎಂದು ಎಲ್ಲರೂ ತಿಳಿದಿದ್ದೆವು. ಕೊಂಡದ್ದಲ್ಲ ಸ್ವಾಮಿ, ಬಾಡಿಗೆಗೆ ಹಿಡಿದದ್ದು. ವರ್ಷಕ್ಕೊಮ್ಮೆ ನವೀಕರಿಸಬೇಕು, ಒಮ್ಮೆಗೆ ಹೆಚ್ಚೆಂದರೆ ಹತ್ತು ವರ್ಷಕ್ಕೆ ಕಟ್ಟಬಹುದು. ನಮ್ಮದನ್ನು ಹಿಂದಿನ ಕಾರ್ಯದರ್ಶಿಯವರು ತಮ್ಮ ಹೆಸರಿನಲ್ಲಿ, ತಮ್ಮ ಕ್ರೆಡಿಟ್ ಕಾರ್ಡಿನಲ್ಲಿ, ತಮ್ಮ ಕಂಪನಿಯ ಈ-ಮೇಲ್ ಕೊಟ್ಟು ನೋಂದಾಯಿಸಿದ್ದರು. ಪ್ರಾಮಾಣಿಕ ಮನುಷ್ಯ, ಸಂಘದಿಂದ ಒಂದು ರಿಯಾಲ್ ಕೇಳಿದವರಲ್ಲ. ಪ್ರಾಜೆಕ್ಟ್ ಮುಗಿದು 2017ರಲ್ಲಿ ಫೈನಲ್ ಎಕ್ಸಿಟ್ ಮಾಡಿ ಉಡುಪಿಗೆ ಹೋದರು. ಕಂಪನಿಯ ಈ-ಮೇಲ್ ಮುಚ್ಚಿತು. ಇಲ್ಲಿಯ ಬ್ಯಾಂಕ್ ಖಾತೆ ಮುಚ್ಚಿದ್ದರಿಂದ ಕಾರ್ಡೂ ಹೋಯಿತು. ಇಲ್ಲಿಯ ಮೊಬೈಲ್ ನಂಬರು ರದ್ದಾದ ಮೇಲೆ ಓಟಿಪಿ ಬರುವುದಾದರೂ ಎಲ್ಲಿಗೆ?

ನಿಯಮದ ಪ್ರಕಾರ ಅವಧಿ ಮುಗಿಯುವ ಸುಮಾರು ಒಂದು ತಿಂಗಳ ಮೊದಲು, ಮತ್ತೆ ಒಂದು ವಾರ ಮೊದಲು, ಮುಗಿದ ಐದು ದಿನದೊಳಗೆ ಇನ್ನೊಮ್ಮೆ ಎಚ್ಚರಿಕೆಯ ಪತ್ರ ಬರಬೇಕು. ಬಂದಿರಬಹುದು. ಓದುವವರಿಲ್ಲದ ಪೆಟ್ಟಿಗೆಗೆ. ಆಗಸ್ಟ್ 2ಕ್ಕೆ ಅವಧಿ ಮುಗಿದಿತ್ತು. ನಾವೆಲ್ಲ ಊರಿನಲ್ಲಿ ಹಲಸಿನ ಹಪ್ಪಳ ತಿನ್ನುತ್ತಿದ್ದೆವು.

ಡಾಟ್ ಕಾಂ, ಡಾಟ್ ಆರ್ಗ್‌ಗಳಲ್ಲಿ ಅವಧಿ ಮುಗಿದ ಕೂಡಲೇ ಹೆಸರು ಬೇರೆಯವರ ಪಾಲಾಗುವುದಿಲ್ಲ. ಮೊದಲು ಗರಿಷ್ಠ 45 ದಿನಗಳ ತನಕ ಮಾಮೂಲಿ ದರದಲ್ಲೇ ನವೀಕರಿಸಲು ಸಾಮಾನ್ಯವಾಗಿ ಅವಕಾಶವಿರುತ್ತದೆ (ಎಷ್ಟು ದಿನ ಎಂಬುದು ರಿಜಿಸ್ಟ್ರಾರರ ಮೇಲೆ ಹೋಗುತ್ತದೆ). ಆ ಹೊತ್ತಿನಲ್ಲೇ ನಿಮ್ಮ ಸೈಟಿನ ಜಾಗದಲ್ಲಿ ಜಾಹೀರಾತು ಕಾಣಿಸುವುದು. ಆಮೇಲೆ 30 ದಿನಗಳ ಬಿಡಿಸಿಕೊಳ್ಳುವ ಅವಧಿ. ಅಡವಿಟ್ಟ ಚಿನ್ನದ ಹಾಗೆ, ಹಲವು ಪಟ್ಟು ಹೆಚ್ಚು ಹಣ ತೆತ್ತರೆ ಮಾತ್ರ ಸಿಗುತ್ತದೆ. ಅದರ ನಂತರ ಐದು ದಿನ ಯಾರಿಗೂ ಇಲ್ಲ. ಆರನೆಯ ದಿನ ಯಾರು ಬೇಕಾದರೂ ಹಿಡಿಯಬಹುದು. ಹಳೆಯ ಸಂಘಗಳ ಹೆಸರು ಜೂಜಿನ ಸೈಟುಗಳಾಗಿ ಬದಲಾಗುವುದು ಹೀಗೆಯೇ. ಮಕ್ಕಳ ಕನ್ನಡ ಪಾಠದ ಪುಟ ಇದ್ದ ಜಾಗದಲ್ಲಿ ಅಂಥದ್ದು ಬಂದರೆ ಹೇಗಿರುತ್ತದೆ, ಯೋಚಿಸಿ.

ನಾವು ಎಚ್ಚೆತ್ತಾಗ ಎರಡನೆಯ ಹಂತಕ್ಕೆ ಹೋಗಿಯಾಗಿತ್ತು. ಯಾರ ಹೆಸರಿನಲ್ಲಿದೆ ಎಂದು ನೋಡೋಣವೆಂದರೆ, ಅದೇ ವರ್ಷ ಮೇ ತಿಂಗಳಲ್ಲಿ ಯುರೋಪಿನ ಖಾಸಗಿತನದ ಕಾನೂನು ಬಂದು ಮಾಲಿಕರ ಹೆಸರು, ವಿಳಾಸಗಳನ್ನೆಲ್ಲ ಮರೆಮಾಡಿದ್ದರು. ಅವಧಿ ಮುಗಿದ ತಾರೀಖು ಮತ್ತು ರಿಜಿಸ್ಟ್ರಾರರ ಹೆಸರು ಮಾತ್ರ ಕಾಣುತ್ತಿತ್ತು. ಕೊನೆಗೆ ಭಾವನ ಭಾವ, ಅವರ ಅಂಗಡಿಯ ಪಕ್ಕದ ಮನೆ ಎಂದು ಹುಡುಕಿ ಉಡುಪಿಯ ಆ ಪುಣ್ಯಾತ್ಮರನ್ನು ಹಿಡಿದೆವು. ದೋಹಾದಲ್ಲಿ ರಾತ್ರಿ ಒಂಬತ್ತು, ಊರಿನಲ್ಲಿ ಹನ್ನೊಂದೂವರೆ. "ಅಯ್ಯೋ ದೇವರೇ, ನನ್ನಿಂದ ಹೀಗಾಯ್ತಾ?" ಎಂದು ನಿದ್ದೆಗಣ್ಣಿನಲ್ಲೇ ಎದ್ದು ಕುಳಿತರು. ಹಳೆಯ ಪಾಸ್‌ಪೋರ್ಟ್ ಪ್ರತಿ ಕಳುಹಿಸಿ ತಾನೇ ಮಾಲಿಕನೆಂದು ರಿಜಿಸ್ಟ್ರಾರರಿಗೆ ತೋರಿಸಿ, ಖಾತೆಯ ಈ-ಮೇಲ್ ಬದಲಾಯಿಸಿ, ತಮ್ಮ ಕಾರ್ಡಿನಿಂದಲೇ ಹಣ ಕಟ್ಟಿದರು. ಒಂಬತ್ತು ದಿನ ಹಿಡಿಯಿತು. ಹೆಸರು ಉಳಿಯಿತು.

ಆದರೆ ಹೆಸರು ವಾಪಸು ಬಂದಾಗ ಅದರ ಪಟ್ಟಿ ಖಾಲಿ! ಯಾವ ಸಂಖ್ಯೆಯೂ ಇಲ್ಲ. ಎಲ್ಲವನ್ನೂ ಮೊದಲಿನಿಂದ ತುಂಬಬೇಕು. ಆ ಕೆಲಸ ನನ್ನ ತಲೆಗೆ ಬಂತು, ಏಕೆಂದರೆ ಸಭೆಗೆ ಲ್ಯಾಪ್‌ಟಾಪ್ ತಂದಿದ್ದವನು ನಾನೊಬ್ಬನೇ.

ಇಲ್ಲಿ ಮೂರು ಬೇರೆ ಬೇರೆ ವಿಷಯಗಳಿವೆ, ಜನ ಕಲಸಿಕೊಳ್ಳುತ್ತಾರೆ. ಹೆಸರು ನೋಂದಾಯಿಸುವವರು ಒಬ್ಬರು, ಸಬ್ ರಿಜಿಸ್ಟ್ರಾರ್ ಕಚೇರಿ ಇದ್ದ ಹಾಗೆ. ಹೆಸರಿನ ಪಟ್ಟಿ ಇಟ್ಟುಕೊಳ್ಳುವ ಸರ್ವರು ಇನ್ನೊಂದು. ಸೈಟಿನ ಫೋಟೋ, ಬರಹಗಳಿರುವ ಮನೆ ಮೂರನೆಯದು. ಮೂರೂ ಒಂದೇ ಕಂಪನಿಯಲ್ಲಿರಬಹುದು, ಬೇರೆ ಬೇರೆ ಕಡೆಯೂ ಇರಬಹುದು. ಪಟ್ಟಿ ಯಾರ ಬಳಿ ಇದೆ ಎಂದು ಹೇಳುವುದು ಎನ್‌ಎಸ್ ದಾಖಲೆ. ಅದನ್ನು ರಿಜಿಸ್ಟ್ರಾರರ ಬಳಿ ಬರೆಸಬೇಕು. ಎರಡಕ್ಕಿಂತ ಕಡಿಮೆ ಸರ್ವರು ಕೊಡಬೇಡಿ, ಒಂದು ಮಲಗಿದರೆ ಇನ್ನೊಂದು ಉತ್ತರಿಸಬೇಕು. ಇದು ತಪ್ಪಿದ್ದರೆ ಉಳಿದದ್ದನ್ನು ಎಷ್ಟು ಚೆನ್ನಾಗಿ ಬರೆದರೂ ಯಾರೂ ಓದುವುದಿಲ್ಲ.

ಪಟ್ಟಿಯಲ್ಲಿ ಮೊದಲು ಬೇಕಾದದ್ದು ಎ ದಾಖಲೆ. ಇದೇ ನೀಲಿ ಫಲಕ: ಈ ಹೆಸರಿಗೆ ಈ ಸಂಖ್ಯೆ. ಹಳೆಯ ಬಗೆಯ ಸಂಖ್ಯೆಗಳು ಒಟ್ಟು 429 ಕೋಟಿಯಷ್ಟೇ ಇರುವುದರಿಂದ, ಉದ್ದದ ಹೊಸ ಬಗೆಯ ಸಂಖ್ಯೆಗಳೂ ಬಂದಿವೆ. ಅವಕ್ಕೆ ನಾಲ್ಕು ಎ ದಾಖಲೆ. ಸೈಟು ಇರುವ ಕಂಪನಿಯವರು ಎರಡೂ ಸಂಖ್ಯೆ ಕೊಟ್ಟರೆ ಎರಡನ್ನೂ ಬರೆಯಿರಿ, ಒಂದೇ ಕೊಟ್ಟರೆ ಒಂದೇ ಸಾಕು.

ಎರಡನೆಯದು ಸಿನೇಮ್, ಅಂದರೆ ಅಡ್ಡಹೆಸರು. ಶಾಲೆಯ ಹಾಜರಿಯಲ್ಲಿ ಒಂದು ಹೆಸರು, ಮನೆಯಲ್ಲಿ ಪುಟ್ಟ. ಪುಟ್ಟ ಎಲ್ಲಿದ್ದಾನೆ ಎಂದರೆ ಶಾಲೆಯ ಹೆಸರಿನವನು ಇರುವ ಕಡೆಯೇ. ಮುಂದೆ ಮೂರು ಡಬ್ಲ್ಯು ಇರುವ ಹೆಸರನ್ನು ಹೀಗೆ ಅಡ್ಡಹೆಸರಾಗಿ ಇಡುವುದು ವಾಡಿಕೆ. ಒಂದು ಕಟ್ಟಳೆ ಇದೆ: ಅಡ್ಡಹೆಸರು ಇರುವ ಕಡೆ ಬೇರೆ ದಾಖಲೆ ಇರಕೂಡದು. ಹಾಗಾಗಿ ಮೂಲ ಹೆಸರಿಗೇ ಸಿನೇಮ್ ಹಾಕಬಾರದು. ಹಾಕಲು ಹೋದರೆ ಕೆಲವು ಕಡೆ ಬಿಡುವುದೇ ಇಲ್ಲ, ಬಿಟ್ಟ ಕಡೆ ಈ-ಮೇಲ್ ಕೆಡುತ್ತದೆ.

ನಾನು ಮಾಡಿದ ಮೊದಲ ತಪ್ಪು ಹೆಸರಿನ ಖಾನೆಯಲ್ಲಿ. ಅಲ್ಲಿ ಬರೀ ಮೂರು ಡಬ್ಲ್ಯು ಬರೆದರೆ ಸಾಕು, ಉಳಿದದ್ದನ್ನು ಅದೇ ಸೇರಿಸಿಕೊಳ್ಳುತ್ತದೆ. ನಾನು ಪೂರ್ತಿ ಹೆಸರು ಬರೆದೆ. ಪರಿಣಾಮ, "ನಮ್ಮಸಂಘ ಡಾಟ್ ಆರ್ಗ್ ಡಾಟ್ ನಮ್ಮಸಂಘ ಡಾಟ್ ಆರ್ಗ್" ಎಂಬ ರೈಲಿನಂಥ ವಿಳಾಸ ತಯಾರಾಯಿತು. ಮೂಲ ಹೆಸರಿಗೆ ಆ ಖಾನೆಯಲ್ಲಿ @ ಚಿಹ್ನೆ ಹಾಕಬೇಕು. ಇನ್ನು ಕೆಲವು ಹಳೆಯ ವ್ಯವಸ್ಥೆಗಳಲ್ಲಿ ಪೂರ್ತಿ ಹೆಸರು ಬರೆದು ಕೊನೆಗೊಂದು ಚುಕ್ಕಿ ಇಟ್ಟರೆ "ಇಲ್ಲಿಗೆ ಮುಗಿಯಿತು, ಮತ್ತೇನೂ ಸೇರಿಸಬೇಡ" ಎಂದರ್ಥ. ಒಂದು ಚುಕ್ಕಿಗೆ ಅರ್ಧ ರಾತ್ರಿ ಹೋಯಿತು.

ಎರಡನೆಯ ತಪ್ಪು ಆತುರ. ಪ್ರತಿ ದಾಖಲೆಯ ಜೊತೆ ಟಿಟಿಎಲ್ ಎಂಬ ಸಂಖ್ಯೆ ಇರುತ್ತದೆ. ಈ ಉತ್ತರವನ್ನು ಎಷ್ಟು ಸೆಕೆಂಡು ನೆನಪಿಟ್ಟುಕೊಳ್ಳಬಹುದು ಎಂಬ ಲೆಕ್ಕ ಅದು. 3600 ಎಂದರೆ ಒಂದು ಗಂಟೆ, 86400 ಎಂದರೆ ಒಂದು ದಿನ. ನೀವು ಸಂಖ್ಯೆ ಬದಲಾಯಿಸಿದರೂ ಮೊದಲೇ ಕೇಳಿ ತಿಳಿದುಕೊಂಡವರು ಆ ಹೊತ್ತು ಮುಗಿಯುವ ತನಕ ಹಳೆಯ ಮನೆಗೇ ಹೋಗುತ್ತಾರೆ. ಆದ್ದರಿಂದ ಸೈಟನ್ನು ಬೇರೆ ಕಡೆಗೆ ಸಾಗಿಸುವುದಿದ್ದರೆ ಹಿಂದಿನ ದಿನವೇ ಟಿಟಿಎಲ್ ಅನ್ನು 300ಕ್ಕೆ ಇಳಿಸಿ, ಸಾಗಿಸಿ, ಎಲ್ಲ ಸರಿಯಾದ ಮೇಲೆ ಏರಿಸಿ. ಇನ್ನೊಂದು ಸೂಕ್ಷ್ಮ: "ಅಂಥ ಹೆಸರೇ ಇಲ್ಲ" ಎಂಬ ಉತ್ತರವನ್ನೂ ನೆನಪಿಟ್ಟುಕೊಳ್ಳುತ್ತಾರೆ! ನಾನು ದಾಖಲೆ ಬರೆಯುವ ಮೊದಲೇ ಐದೈದು ನಿಮಿಷಕ್ಕೆ ಬಂತಾ ಬಂತಾ ಎಂದು ನೋಡುತ್ತಿದ್ದೆ. ಬರೆದ ಮೇಲೂ ನನ್ನ ಮನೆಯಲ್ಲಿ ಇಲ್ಲ ಎನ್ನುತ್ತಿತ್ತು, ಅಲ್ ಖೋರ್‌ನಲ್ಲಿದ್ದ ಗೆಳೆಯರ ಮೊಬೈಲಿನಲ್ಲಿ ಚೆನ್ನಾಗಿ ಬರುತ್ತಿತ್ತು. ಅವರು ಕೇಳಿದ್ದೇ ಮೊದಲ ಸಲ.

ಸೈಟು ಬಂತು. ಈ-ಮೇಲ್ ಬರಲಿಲ್ಲ. ಅದಕ್ಕೆ ಬೇರೆಯೇ ದಾಖಲೆ, ಎಂಎಕ್ಸ್. ಇದು ನಮಗೆ ಅರ್ಥವಾಗುವುದು ಸುಲಭ. ಕತಾರಿನಲ್ಲಿ ವರ್ಷಗಟ್ಟಲೆ ಕಾಗದಪತ್ರ ಮನೆಗೆ ಬರುತ್ತಿರಲಿಲ್ಲ, ಪೋಸ್ಟ್ ಬಾಕ್ಸಿಗೆ ಬರುತ್ತಿತ್ತು. ವಾಸ ಒಂದು ಕಡೆ, ಪತ್ರ ಒಂದು ಕಡೆ. ಎಂಎಕ್ಸ್ ಎಂದರೆ ಆ ಪೋಸ್ಟ್ ಬಾಕ್ಸ್. ಅಲ್ಲಿ ಸಂಖ್ಯೆ ಬರೆಯುವಂತಿಲ್ಲ, ಮೇಲ್ ಸರ್ವರಿನ ಹೆಸರನ್ನೇ ಬರೆಯಬೇಕು. ಜೊತೆಗೆ 10, 20 ಎಂದು ಸರದಿ ಕೊಡಬೇಕು. ಚಿಕ್ಕ ಸಂಖ್ಯೆಯದಕ್ಕೆ ಮೊದಲ ಮರ್ಯಾದೆ, ಅದು ತೆರೆಯದಿದ್ದರೆ ದೊಡ್ಡದಕ್ಕೆ.

ಈಗ ಪತ್ರ ಬರತೊಡಗಿತು. ಆಮಂತ್ರಣ ಕಳುಹಿಸಿದೆವು. ಅರ್ಧಕ್ಕರ್ಧ ಜನ "ಬಂದೇ ಇಲ್ಲ" ಎಂದರು, ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಬಿದ್ದಿತ್ತು. ಪತ್ರ ಸ್ವೀಕರಿಸುವ ದಾರಿ ಬರೆದಿದ್ದೆವು, ನಮ್ಮ ಹೆಸರಿನಲ್ಲಿ ಕಳುಹಿಸಲು ಯಾರಿಗೆ ಅನುಮತಿ ಇದೆ ಎಂದು ಬರೆದಿರಲಿಲ್ಲ. ಅಂಚೆ ಲಕೋಟೆಯ ಹಿಂದೆ ಯಾರ ಹೆಸರನ್ನು ಬೇಕಾದರೂ ಬರೆಯಬಹುದಲ್ಲ, ಈ-ಮೇಲೂ ಹಾಗೆಯೇ. ಇದನ್ನು ತಡೆಯಲು ಟಿಎಕ್ಸ್‌ಟಿ ಎಂಬ ದಾಖಲೆಯಲ್ಲಿ ಮೂರು ಬಗೆಯ ಸಾಲುಗಳನ್ನು ಬರೆಯುತ್ತಾರೆ. ಎಸ್‌ಪಿಎಫ್ ಎಂದರೆ ನಮ್ಮ ಪರವಾಗಿ ಕಳುಹಿಸಬಲ್ಲ ಸರ್ವರುಗಳ ಪಟ್ಟಿ, ಕಾಂಪೌಂಡಿನ ಗೇಟಿನಲ್ಲಿ ವಾಚ್‌ಮನ್ ಕೈಯಲ್ಲಿರುವ ಹೆಸರಿನ ಚೀಟಿಯಂತೆ. ಡಿಕಿಮ್ ಎಂದರೆ ಪ್ರತಿ ಪತ್ರಕ್ಕೂ ಒತ್ತುವ ಮೊಹರು. ಆ ಮೊಹರು ನಮ್ಮದೇ ಎಂದು ತಾಳೆ ನೋಡುವ ಬೀಗದಕೈಯನ್ನು ಪಟ್ಟಿಯಲ್ಲಿ ಎಲ್ಲರಿಗೂ ಕಾಣುವಂತೆ ಇಡುತ್ತೇವೆ. ಡಿಮಾರ್ಕ್ ಎಂದರೆ ಇವು ಹೊಂದದ ಪತ್ರ ಬಂದರೆ ಏನು ಮಾಡಬೇಕೆಂಬ ಸೂಚನೆ: ಸುಮ್ಮನೆ ಬಿಡು, ಬೇರೆ ಇಡು, ಅಥವಾ ತಿರಸ್ಕರಿಸು. ಮೊದಲು ಸುಮ್ಮನೆ ಬಿಡು ಎಂದೇ ಇಟ್ಟು, ಕೆಲವು ವಾರ ನೋಡಿ ಬಿಗಿ ಮಾಡುವುದು ಕ್ಷೇಮ.

ಎಸ್‌ಪಿಎಫ್‌ನಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಒಂದು ಹೆಸರಿಗೆ ಒಂದೇ ಎಸ್‌ಪಿಎಫ್ ಸಾಲು ಇರಬೇಕು. ಮೇಲ್ ಕಂಪನಿಯವರು ಒಂದು ಸಾಲು ಕೊಡುತ್ತಾರೆ, ಪತ್ರಿಕೆ ಕಳುಹಿಸುವ ಸೇವೆಯವರು ಇನ್ನೊಂದು ಕೊಡುತ್ತಾರೆ. ಎರಡನ್ನೂ ಹಾಗೆಯೇ ಅಂಟಿಸಿದರೆ ಎರಡೂ ನಿಷ್ಫಲ. ಒಂದೇ ಸಾಲಿನಲ್ಲಿ ಸೇರಿಸಬೇಕು. ಅದರೊಳಗೆ "ಇವರನ್ನೂ ಕೇಳಿ ನೋಡು" ಎಂಬ ಹುಡುಕಾಟಗಳು ಒಟ್ಟು ಹತ್ತನ್ನು ಮೀರಬಾರದು. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಇದನ್ನು ಇನ್ನೂ ಬಿಗಿ ಮಾಡಿವೆ. ಜಿಮೇಲ್‌ಗೆ ಪತ್ರ ಕಳುಹಿಸುವ ಯಾರಿಗೇ ಆಗಲಿ ಎಸ್‌ಪಿಎಫ್ ಅಥವಾ ಡಿಕಿಮ್ ಇರಲೇಬೇಕು, ದಿನಕ್ಕೆ ಐದು ಸಾವಿರಕ್ಕಿಂತ ಹೆಚ್ಚು ಕಳುಹಿಸುವವರಿಗೆ ಮೂರೂ ಬೇಕು. ಊರ ಸಂಘಕ್ಕೆ ಐದು ಸಾವಿರ ಎಲ್ಲಿಂದ ಬರಬೇಕು? ಆದರೂ ಮೂರನ್ನೂ ಹಾಕಿಬಿಡಿ. ಅರ್ಧ ಗಂಟೆಯ ಕೆಲಸ.

ಅಕ್ಟೋಬರ್ ಕೊನೆಯ ವಾರ ಆಮಂತ್ರಣ ಮತ್ತೆ ಹೋಯಿತು, ಈ ಸಲ ತಲುಪಿತು. ಸಭಾಂಗಣ ತುಂಬಿತ್ತು. ಅದರಲ್ಲಿ ಬಿಸಿಬೇಳೆ ಬಾತಿನ ಪಾಲು ಎಷ್ಟು, ಡಿಎನ್‌ಎಸ್‌ನ ಪಾಲು ಎಷ್ಟು ಹೇಳಲಾರೆ.

ಆಮೇಲೆ ಸಮಿತಿಯಲ್ಲಿ ಕೆಲವು ಏರ್ಪಾಡು ಮಾಡಿಕೊಂಡೆವು. ಖಾತೆ ಈಗ ಯಾರ ಕಂಪನಿಯ ಈ-ಮೇಲಿನಲ್ಲೂ ಇಲ್ಲ, ಸಂಘದ ಹೆಸರಿನಲ್ಲೂ ಇಲ್ಲ. ಬೀಗದಕೈಯನ್ನು ಅದೇ ಮನೆಯೊಳಗಿಟ್ಟು ಬಾಗಿಲು ಹಾಕಿಕೊಂಡ ಹಾಗಾಗಬಾರದಲ್ಲ! ಅದಕ್ಕೆಂದೇ ಒಂದು ಜಿಮೇಲ್ ಖಾತೆ ತೆರೆದು ಇಬ್ಬರು ಪದಾಧಿಕಾರಿಗಳು ನೋಡಿಕೊಳ್ಳುತ್ತಾರೆ. ಓಟಿಪಿಯನ್ನು ಕತಾರಿನ ಸಿಮ್‌ಗೆ ಕಟ್ಟಿಹಾಕಿಲ್ಲ, ಅಥೆಂಟಿಕೇಟರ್ ಆ್ಯಪ್ ಮತ್ತು ಮುದ್ರಿಸಿಟ್ಟ ತುರ್ತು ಸಂಕೇತಗಳಿವೆ. ಸಮಿತಿ ಬದಲಾಗುವಾಗ ಚೆಕ್‌ಬುಕ್, ಮೈಕ್ ಸೆಟ್ಟು, ದೀಪದ ಕಂಬದ ಜೊತೆಗೆ ಪೂರ್ತಿ ದಾಖಲೆಗಳ ಪಟ್ಟಿಯ ಒಂದು ಮುದ್ರಿತ ಹಾಳೆಯನ್ನೂ ಹಸ್ತಾಂತರಿಸಿ ಸಹಿ ಹಾಕಿಸುತ್ತೇವೆ.

ಉಡುಪಿಯವರು ಕಟ್ಟಿದ ಹಣವನ್ನು ಕೊಡಲು ಹೋದರೆ ಬೇಡವೆಂದರು. ಊರಿಗೆ ಹೋದವರ ಕೈಯಲ್ಲಿ ಐದು ಕಿಲೋ ಖರ್ಜೂರ ಕಳುಹಿಸಿದೆವು, ಅದನ್ನು ತೆಗೆದುಕೊಂಡರು. ಹೆಸರನ್ನು ಆಗಲೇ ಮುಂದಿನ ವರ್ಷಗಳಿಗೂ ಸೇರಿಸಿ 2028ರ ಆಗಸ್ಟ್ 2ರ ತನಕ ನವೀಕರಿಸಿದ್ದೇವೆ. ಆಗ ಸಮಿತಿಯಲ್ಲಿ ಯಾರಿರುತ್ತಾರೋ ಗೊತ್ತಿಲ್ಲ, ನಾನಂತೂ ಇರಲಾರೆ. ಆ ಆಗಸ್ಟ್‌ನಲ್ಲೂ ಎಲ್ಲರೂ ರಜೆಯ ಮೇಲೆ ಊರಿನಲ್ಲಿರುತ್ತಾರೆ. ಹಾಳೆಯ ಮೇಲೆ ಆ ತಾರೀಖನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇನೆ.